ಅರ್ದಿಯಾದ ಗೋಣಿಗಳು, ಕೈರೋದ ಅಟ್ಟ

ಕೊಲ್ಲಿ ಯುದ್ಧ ಮುಗಿದ ಮರುವರ್ಷ ಕುವೈತಿಗೆ ಬಂದಿಳಿದ ಮಂಗಳೂರಿನ ಬೆಂಗರೆಯ ಮೊಯ್ದೀನ್ ಕುಂಞಿ ಕೆಲಸದ ಮೊದಲ ದಿನವೇ ನಗೆಪಾಟಲಾದರು. ಅರ್ದಿಯಾದಲ್ಲಿ ರದ್ದಿ ಕಾಗದವನ್ನು ಯಂತ್ರದಲ್ಲಿ ಒತ್ತಿ ಕಟ್ಟು ಮಾಡುವ ಗೋದಾಮು ಅದು. ಬಾಗಿಲು ತೆರೆದರೆ ಎದುರಿಗೆ ಮಾಡು ಮುಟ್ಟುವ ಕಾಗದದ ಗುಡ್ಡ, ಗುಡ್ಡದ ತುಂಬ ಅರಬಿ ಅಕ್ಷರ. ಮದ್ರಸದ ಹಲಗೆಯಿಂದ ಅರಬಿ ಅಕ್ಷರ ತೊಳೆದ ನೀರನ್ನೂ ಯಾರೂ ತುಳಿಯದ ತೆಂಗಿನ ಬುಡಕ್ಕೆ ಚೆಲ್ಲಬೇಕೆಂದು ಕಲಿತು ಬೆಳೆದ ಜೀವ. ಹೊಸ್ತಿಲಲ್ಲೇ ಚಪ್ಪಲಿ ಕಳಚಿ, ತಲೆಗೆ ಕರವಸ್ತ್ರ ಕಟ್ಟಿ, ಬರಿಗಾಲಲ್ಲಿ ಒಳಗೆ ನಡೆದರು. ಈಜಿಪ್ಟಿನ ಫೋರ್ಮನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಗುಡ್ಡದಿಂದ ಒಂದು ಹಾಳೆ ಎಳೆದು ಅವರ ಕೈಗೆ ಕೊಟ್ಟ. ಅದು ಐಸಿನಲ್ಲಿಟ್ಟ ಕೋಳಿಯ ಜಾಹೀರಾತು.

ಇದು ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರಿಗೆ ಮಾತ್ರ ಆಗಬಹುದಾದ ತಪ್ಪು. ಊರಿನಲ್ಲಿ ಅರಬಿ ಕಾಣಸಿಗುವುದು ಕುರ್‌ಆನಿನಲ್ಲಿ, ಮಸೀದಿಯ ಗೋಡೆಯಲ್ಲಿ. ಇಲ್ಲಿ ನೋಡಿದರೆ ಶ್ಯಾಂಪೂ ಬಾಟಲಿಯಲ್ಲಿ, ಟಯರ್ ಅಂಗಡಿಯ ಬೋರ್ಡಿನಲ್ಲಿ, ಕಸದ ಡಬ್ಬಿಯ ಮೈಮೇಲೆ. ಹೊಸದಾಗಿ ಬಂದವರು ಸ್ವಲ್ಪ ದಿನ ಒದ್ದಾಡುತ್ತಾರೆ. ಆಮೇಲೆ ರೂಮಿನಲ್ಲಿ ಅರಬಿ ಪೇಪರನ್ನೇ ನೆಲಕ್ಕೆ ಹಾಸಿ, ಅದರ ಮೇಲೆ ಬಂಗುಡೆ ಸಾರಿನ ಪಾತ್ರೆ ಇಟ್ಟು ಉಣ್ಣುತ್ತಾರೆ. ಎಲ್ಲರೂ ಮೊಯ್ದೀನಾಕ ಎಂದು ಕರೆಯುತ್ತಿದ್ದ ಈ ಮನುಷ್ಯ ಮಾತ್ರ ಹಾಗೆ ಪಳಗಲಿಲ್ಲ. ಕೋಳಿಯ ಜಾಹೀರಾತಿಗೆ ಮರ್ಯಾದೆ ಬೇಡ ಎಂದು ಒಪ್ಪಿಕೊಂಡರು. ಆದರೆ ದೇವರ ಹೆಸರಿರುವ ಒಂದು ಚೂರನ್ನೂ ಯಂತ್ರದ ಬಾಯಿಗೆ ಕೊಡುವುದಿಲ್ಲ ಎಂದು ಮನಸ್ಸಿನಲ್ಲೇ ಕಟ್ಟು ಹಾಕಿಕೊಂಡರು.

ಕಟ್ಟು ಹಾಕಿಕೊಳ್ಳುವುದು ಸುಲಭ, ನಡೆಸುವುದು ಕಷ್ಟ. ಕುವೈತಿನಲ್ಲಿ ಅಬ್ದುಲ್ಲ, ಅಬ್ದುರ್ರಹ್ಮಾನರಿಗೆ ಬರವೇ? ಅವರ ಟೆಲಿಫೋನ್ ಬಿಲ್ಲಿನಲ್ಲೂ ದೇವರ ಹೆಸರು ಕುಳಿತಿರುತ್ತದೆ. ಬಿಲ್ಲೂ ಹೋಯಿತು ಗೋಣಿಗೆ. ಮದುವೆಯ ಕರೆಯೋಲೆ, ಅಂಗಡಿಯ ರಶೀದಿ, ಶಾಲೆಯ ಮಕ್ಕಳ ಹರಿದ ಪಾಠದ ಹಾಳೆ, ತಲೆಯಲ್ಲಿ ಬಿಸ್ಮಿ ಬರೆದದ್ದು ಯಾವುದಿದ್ದರೂ ಗೋಣಿಗೆ. ಬಿಸ್ಮಿ ಎಂದರೆ ‘ಕರುಣಾಮಯಿಯಾದ ದೇವರ ಹೆಸರಿನಲ್ಲಿ’ ಎಂಬ ಸಾಲು. ಮುಸ್ಲಿಮರು ಬರವಣಿಗೆ ಶುರು ಮಾಡುವುದೇ ಅಲ್ಲಿಂದ. ಇಂಥ ಕಾಗದ ಹಳತಾದರೆ ಶುದ್ಧ ಜಾಗ ನೋಡಿ ಮಣ್ಣು ಮಾಡಬೇಕು, ಅಥವಾ ಹರಿಯುವ ನೀರಿಗೆ ಬಿಡಬೇಕು. ಬಾಡಿಗೆಯ ಊರಿನಲ್ಲಿ ಅವರಿಗೆ ಸ್ವಂತ ಮಣ್ಣೆಲ್ಲಿ? ‘ಒಂದು ದಿನ ಮಾಡೋಣ’ ಎಂದು ಯಂತ್ರದ ಹಿಂದಿನ ಕೋಣೆಯಲ್ಲಿ ಗೋಣಿಗಳನ್ನು ಒಂದರ ಮೇಲೊಂದು ಇಡುತ್ತ ಹೋದರು. ಫೋರ್ಮನ್‌ಗಳು ಬದಲಾದರು. ಆ ಒಂದು ದಿನ ಬರಲಿಲ್ಲ, ಕೋಣೆ ಮಾತ್ರ ತುಂಬುತ್ತ ಹೋಯಿತು.

ಗೋಣಿಗಳಲ್ಲಿ ಹೆಚ್ಚು ಜಾಗ ಹಿಡಿದದ್ದು ಊರಿನ ಕಾಗದಗಳು. ಲೇಬರ್ ಕ್ಯಾಂಪ್ ಖಾಲಿಯಾದಾಗ, ಯಾರದೋ ಇಕಾಮಾ, ಅಂದರೆ ವಾಸದ ಪರವಾನಗಿ, ಮುಗಿದು ಹೊರಟುಹೋದಾಗ, ಯಾರೋ ಸತ್ತಾಗ, ಮಂಚದ ಅಡಿಯಲ್ಲಿ ಉಳಿದದ್ದೆಲ್ಲ ರದ್ದಿಗೆ ಬರುತ್ತಿತ್ತು. ಅಮ್ಮಂದಿರ, ಹೆಂಡಂದಿರ, ಅಕ್ಕತಂಗಿಯರ ಕಾಗದಗಳು. ಮಲಯಾಳ, ಉರ್ದು, ಬಂಗಾಳಿ, ಯಾವ ಭಾಷೆಯದ್ದಾದರೂ ತಲೆಯಲ್ಲಿ ಬಿಸ್ಮಿ. ಮೊಯ್ದೀನಾಕ ಆ ಒಂದು ಸಾಲನ್ನು ನೋಡಿ, ಹಣೆಗೆ ಒತ್ತಿಕೊಂಡು, ಮಡಚಿ ಗೋಣಿಗೆ ಹಾಕುವರು. ಕೆಳಗೆ ಕಣ್ಣು ಹಾಯಿಸುತ್ತಿರಲಿಲ್ಲ. ಪರರ ಕಾಗದ ಓದುವುದು ಪರರ ಮನೆಯ ಕಿಟಕಿಯಲ್ಲಿ ಇಣುಕಿದಷ್ಟೇ ತಪ್ಪು ಎನ್ನುವುದು ಅವರ ಇನ್ನೊಂದು ಕಟ್ಟು.

ಅವರಿಗೂ ಕಾಗದ ಬರುತ್ತಿತ್ತು. ಹೆಂಡತಿ ಕದೀಜಾ ಕನ್ನಡ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮದ್ರಸದಲ್ಲಿ ಕಲಿತ ಅರಬಿ ಅಕ್ಷರದಲ್ಲೇ ಬ್ಯಾರಿ ಭಾಷೆಯನ್ನು ಬರೆಯುತ್ತಿದ್ದಳು. ಅವಳ ಪ್ರಾಯದ ಬೆಂಗರೆಯ ಹೆಂಗಸರಿಗೆ ಗೊತ್ತಿದ್ದದ್ದು ಅದೊಂದೇ ಬರವಣಿಗೆ. ಮೊಯ್ದೀನಾಕ ಅದನ್ನು ಯಂತ್ರದ ಬದಿಯಲ್ಲಿ ನಿಂತೇ ಗಡಿಬಿಡಿಯಲ್ಲಿ ಓದಿ, ಬಿಸ್ಮಿಗೆ ಮುತ್ತಿಟ್ಟು, ತಗಡಿನ ಪೆಟ್ಟಿಗೆಗೆ ಹಾಕುವರು. ಎರಡು ವರ್ಷಕ್ಕೊಮ್ಮೆ ರಜೆ ಸಿಗುತ್ತಿತ್ತು. ಪೆರ್ನಾಲಿಗೆ, ಅಂದರೆ ಹಬ್ಬಕ್ಕೆ ಮಾತ್ರ ಒಮ್ಮೆಯೂ ಹೋಗಲಾಗಲಿಲ್ಲ, ಏಕೆಂದರೆ ಹಬ್ಬದ ಹೊತ್ತಿಗೇ ಅಂಗಡಿಗಳಿಂದ ರಟ್ಟಿನ ಪೆಟ್ಟಿಗೆಗಳ ರಾಶಿ ಬಂದು ಬೀಳುವುದು. ಮೊಬೈಲ್ ಬಂದ ಮೇಲೆ ಕಾಗದ ನಿಂತಿತು. ಗೋಣಿಗಳ ವಿಷಯ ಫೋನಿನಲ್ಲಿ ಕೇಳಿದಾಗ ಕದೀಜಾ, “ಊರಿಗೆ ಉಪಕಾರಿ, ಮನೆಗೆ ಮಾರಿ” ಎಂದು ನಕ್ಕಿದ್ದಳು.

ಇವರ ಹುಚ್ಚನ್ನು ಹುಚ್ಚು ಎನ್ನದೆ ನೋಡಿದವನು ಡೋಲ್ಫಿ ಒಬ್ಬನೇ. ಮಂಗಳೂರಿನ ಕುಲಶೇಖರದ ಕ್ರಿಸ್ತುವ, ಶರ್ಕ್‌ನ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ, ಸಂಸಾರ ಮಂಗಫ್‌ನಲ್ಲಿ. ಆಫೀಸಿನ ಹಳೆಯ ಫೈಲುಗಳು ಕಣ್ಣೆದುರೇ ನಾಶವಾಗುವುದನ್ನು ನೋಡಿ ಸಹಿ ಹಾಕಲು ಅವನು ಅರ್ದಿಯಾಕ್ಕೆ ಬಂದಿದ್ದಾಗ, ಮೊಯ್ದೀನಾಕ ಯಂತ್ರವನ್ನೇ ನಿಲ್ಲಿಸಿ ಒಂದು ಹಾಳೆ ಹೆಕ್ಕಿದ್ದರು. ಡೋಲ್ಫಿ ಬೈಯಲಿಲ್ಲ. “ನಮ್ಮಲ್ಲೂ ಗರಿಗಳ ಭಾನುವಾರ ಇಗರ್ಜಿಯಲ್ಲಿ ಕೊಟ್ಟ ಹಳೆ ಗರಿ ಬಿಸಾಡಲಿಕ್ಕಿಲ್ಲ ಬ್ಯಾರಿಗಳೇ, ಸುಟ್ಟು ಬೂದಿ ಮಾಡಿ ಹಣೆಗೆ ಹಚ್ಚುವುದು” ಅಂದ. ಅಂದಿನಿಂದ, ಊರಿನಲ್ಲಿ ಕ್ರಿಸ್ತುವರನ್ನು ಕರೆಯುವ ಹಾಗೆ, ಇವರಿಗೆ ಅವನು ‘ಪೊರ್ಬುಗಳು’, ಅವನಿಗೆ ಇವರು ‘ಬ್ಯಾರಿಗಳು’.

ಹೀಗಿರುವಾಗ, ಮೊಯ್ದೀನಾಕರ ಗಡ್ಡ ಪೂರ್ತಿ ಬೆಳ್ಳಗಾದ ಕಾಲಕ್ಕೆ, ಗೋದಾಮಿನ ಜಾಗ ಮಾರಾಟವಾಯಿತು. ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಅಬು ಫಹದ್ ಒಳ್ಳೆಯ ಮುದುಕ. “ಮೊಹಿದ್ದೀನ್, ಖಲಾಸ್. ನೀನೂ ಮನೆಗೆ ಹೋಗು, ನಾನೂ ಹೋಗುತ್ತೇನೆ. ತಿಂಗಳ ಕೊನೆಗೆ ಕೋಣೆ ಖಾಲಿ ಇರಬೇಕು” ಅಂದ. ಕೋಣೆ ಎಂದರೆ ಗೋಣಿಗಳು. ಅಷ್ಟು ವರ್ಷ ‘ಒಂದು ದಿನ’ ಎಂದು ಮುಂದೂಡಿದ್ದು ಈಗ ಎದುರು ಬಂದು ನಿಂತಿತು. ತಾನು ಹೊರಟ ಮರುದಿನ ಯಾರೋ ಬಂದು ಎಲ್ಲವನ್ನೂ ಯಂತ್ರಕ್ಕೆ ಸುರಿದರೆ ಒಂದು ಆಯುಷ್ಯದ ಕೆಲಸ ಮಣ್ಣುಪಾಲೂ ಆಗದೆ ಹೋಗುತ್ತದೆ. ಊಟ ಸೇರದಾಯಿತು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಸಂಶಯ ಒಳಗೇ ಕೊರೆಯಿತು: ಇದೆಲ್ಲ ಬರೀ ಹುಚ್ಚೇ ಆಗಿದ್ದರೆ?

ಆ ಶುಕ್ರವಾರ ಜುಮ್ಮಾ ಮುಗಿಸಿ ಮಂಗಫ್‌ನಲ್ಲಿ ಡೋಲ್ಫಿಯ ಮನೆಗೆ ಊಟಕ್ಕೆ ಹೋದರು. ಅಲ್ಲಿ ಡೋಲ್ಫಿಯ ಹೆಂಡತಿಯ ಅಕ್ಕ ಇನೆಜ್ ಇದ್ದರು; ಊರಿನಲ್ಲಿ ಕ್ರಿಸ್ತುವ ಹೆಂಗಸರನ್ನು ಮರ್ಯಾದೆಯಿಂದ ಕರೆಯುವಂತೆ ಅವರು ‘ಬಾಯಮ್ಮ’. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಹಳೆಯ ಹಸ್ತಪ್ರತಿ ಓದುವ ಕೆಲಸ. ಮಂಗಳೂರಿಗೆ ಹೋಗುವ ದಾರಿಯಲ್ಲಿ ತಂಗಿಯ ಮನೆಯಲ್ಲಿ ಇಳಿದುಕೊಂಡಿದ್ದರು. ಊಟವಾದ ಮೇಲೆ ಡೋಲ್ಫಿ ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ, “ಬಾಯಮ್ಮನ ಕೆಲಸ ಎಂತದ್ದು ನೋಡಿ ಬ್ಯಾರಿಗಳೇ, ನಿಮ್ಮದೇ ವೃತ್ತಿ” ಅಂದ.

ಟಿವಿಯಲ್ಲಿ ಕಂಡದ್ದು ಒಂದು ಹರಕು ಕಾಗದ. ಕಂದು ಬಣ್ಣ, ಹುಳ ತಿಂದ ತೂತು, ಒತ್ತೊತ್ತಾಗಿ ಬರೆದ ಚೌಕ ಚೌಕ ಅಕ್ಷರ.

“ಇದು ಯಾವ ಲಿಪಿ?” ಎಂದು ಕೇಳಿದರು ಮೊಯ್ದೀನಾಕ.

“ಹೀಬ್ರೂ. ಯಹೂದಿಗಳದ್ದು” ಅಂದರು ಇನೆಜ್.

ಮೊಯ್ದೀನಾಕರ ಕಣ್ಣು ತನ್ನಷ್ಟಕ್ಕೇ ಕಿಟಕಿಯ ಕಡೆ ಹೋಯಿತು. ಈ ದೇಶದಲ್ಲಿ ಆ ಮಾತನ್ನು ಯಾರೂ ಗಟ್ಟಿಯಾಗಿ ಆಡುವುದಿಲ್ಲ. ಡೋಲ್ಫಿ ಎದ್ದು ಪರದೆ ಎಳೆದು, “ಈಗ ಆಯ್ತಾ?” ಎಂದು ನಕ್ಕ.

ಇನೆಜ್ ಹೇಳತೊಡಗಿದರು. ಹಳೆಯ ಕೈರೋದಲ್ಲಿ ಯಹೂದಿಗಳ ಒಂದು ಪ್ರಾರ್ಥನಾ ಮಂದಿರ. ಅದರ ಗೋಡೆಯ ಮೇಲ್ಗಡೆ ಒಂದು ಕಂಡಿ, ಕಂಡಿಯ ಆಚೆ ಕಿಟಕಿ ಬಾಗಿಲಿಲ್ಲದ ಅಟ್ಟದಂಥ ಕೋಣೆ. ದೇವರ ಹೆಸರಿರುವ ಕಾಗದವನ್ನು ಕಸಕ್ಕೆ ಎಸೆಯಬಾರದು ಎನ್ನುವುದು ಅವರ ಪದ್ಧತಿ. ಹಳತಾದ ಧರ್ಮಗ್ರಂಥದ ಹಾಳೆಗಳನ್ನು ಏಣಿ ಹತ್ತಿ ಆ ಕಂಡಿಯೊಳಗೆ ಹಾಕುತ್ತಿದ್ದರು. ಬರಬರುತ್ತ ತಮ್ಮ ಪವಿತ್ರ ಲಿಪಿಯಲ್ಲಿ ಬರೆದ ಯಾವುದನ್ನೂ ಎಸೆಯಲು ಮನಸ್ಸು ಬರದೆ, ಮದುವೆಯ ಒಪ್ಪಂದ, ವೈದ್ಯನ ಚೀಟಿ, ಮಕ್ಕಳು ತಿದ್ದಿದ ಅಕ್ಷರ, ವ್ಯಾಪಾರದ ಕಾಗದ ಎಲ್ಲವನ್ನೂ ಹಾಕಿದರು. ನೂರಾರು ವರ್ಷ ಹಾಕಿದರು. ಅಲ್ಲಿ ಲಕ್ಷಗಟ್ಟಲೆ ಚೂರುಗಳು ಸೇರಿದವು. ಈಗ ಅವು ಬೇರೆ ಬೇರೆ ದೇಶಗಳ ಗ್ರಂಥಾಲಯಗಳಲ್ಲಿವೆ.

ಮೊಯ್ದೀನಾಕರ ಕೈಯಲ್ಲಿದ್ದ ಚಾ ಆರುತ್ತಿತ್ತು. ಅವರು ಡೋಲ್ಫಿಯನ್ನು ನೋಡಿದರು. ಡೋಲ್ಫಿ ಹುಬ್ಬು ಹಾರಿಸಿದ.

“ಈಗ ಇದನ್ನು ಓದುತ್ತೇನೆ, ಕೇಳಿ” ಎಂದು ಇನೆಜ್ ಟಿವಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. “ಸುಕ್ಕರ್... ಝಬೀಬ್... ಸಾಬೂನ್...”

ಮೊಯ್ದೀನಾಕ ಕುರ್ಚಿಯಿಂದ ಎದ್ದೇಬಿಟ್ಟರು. ಸಕ್ಕರೆ, ಒಣದ್ರಾಕ್ಷಿ, ಸಾಬೂನು. ಅದು ಅವರು ದಿನವೂ ಬಕಾಲೆಯಲ್ಲಿ, ಅಂದರೆ ಮೂಲೆಯಂಗಡಿಯಲ್ಲಿ, ಆಡುವ ಅರಬಿ. ಕಣ್ಣಿಗೆ ಕಾಣುವುದು ಗುರುತಿಲ್ಲದ ಅಕ್ಷರ, ಕಿವಿಗೆ ಕೇಳುವುದು ಗುರುತಿನ ಮಾತು.

“ಭಾಷೆ ಅರಬಿ, ಲಿಪಿ ಹೀಬ್ರೂ” ಅಂದರು ಇನೆಜ್. “ಅವರಿಗೆ ಮಾತನಾಡಲಿಕ್ಕೆ ಊರಿನ ಭಾಷೆ, ಬರೆಯಲಿಕ್ಕೆ ದೇವರ ಅಕ್ಷರ.”

“ನಮ್ಮ ಕದೀಜಾ ಬರೆದ ಹಾಗೆ” ಎಂದು ಮೊಯ್ದೀನಾಕ ಮೆಲ್ಲನೆ ಹೇಳಿದರು. ಅದು ಇನೆಜರಿಗೆ ಅರ್ಥವಾಗಲಿಲ್ಲ; ಡೋಲ್ಫಿ ವಿವರಿಸಬೇಕಾಯಿತು.

“ಇದು ಯಾರಿಗೆ ಬರೆದದ್ದು ಗೊತ್ತುಂಟಾ?” ಎಂದು ಇನೆಜ್ ಮುಂದುವರಿಸಿದರು. “ಏಡನ್ನಿನ ವ್ಯಾಪಾರಿಯೊಬ್ಬ ಮಂಗಳೂರಿನಲ್ಲಿದ್ದ ಅಬ್ರಹಾಂ ಎಂಬ ಯಹೂದಿ ವ್ಯಾಪಾರಿಗೆ. ಸುಮಾರು ಒಂಬತ್ತು ನೂರು ವರ್ಷದ ಹಿಂದೆ. ನೋಡಿ, ಇಲ್ಲಿ ಊರಿನ ಹೆಸರು. ಮಂಜರೂರ್.”

ಆ ಅಬ್ರಹಾಂ ಮಂಗಳೂರಿನಿಂದ ಕರಿಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಅಲ್ಲೇ ಕಂಚಿನ ಪಾತ್ರೆ ಎರಕ ಹೊಯ್ಯುವ ಕಾರ್ಖಾನೆ ಇಟ್ಟಿದ್ದ; ಏಡನ್ನಿನವರು ಒಡೆದ ಪಾತ್ರೆಗಳನ್ನು ಹಡಗಿನಲ್ಲಿ ಕಳಿಸಿ ಹೊಸದು ಮಾಡಿಸಿಕೊಳ್ಳುತ್ತಿದ್ದರು. ನಮ್ಮ ಕರಾವಳಿಯಲ್ಲಿ ಆಗ ಬರೆಯುವ ಕಾಗದ ಸಿಗುತ್ತಿರಲಿಲ್ಲ. ಸಕ್ಕರೆ, ಸಾಬೂನಿನ ಜೊತೆ ಕಾಗದವನ್ನೂ ಸ್ನೇಹಿತರು ಉಡುಗೊರೆ ಕಳಿಸುವರು. ಅದೂ ಸಾಲದೆ ಅವನು ಬಂದ ಕಾಗದದ ಬೆನ್ನಿನ ಮೇಲೇ ತನ್ನದನ್ನು ಬರೆಯುತ್ತಿದ್ದ. ಅವನ ಆಳೊಬ್ಬ ವ್ಯಾಪಾರಕ್ಕಾಗಿ ಏಡನ್ನಿಗೆ ಹೋಗಿಬರುತ್ತಿದ್ದ. ಆ ಹೆಸರನ್ನು ಬೊಮ್ಮ ಎಂದು ಓದುವವರಿದ್ದಾರೆ. ಏಡನ್ನಿನ ದೊಡ್ಡ ವ್ಯಾಪಾರಿಗಳು ಕಾಗದದಲ್ಲಿ ಅವನಿಗೂ ಸಲಾಂ ಹೇಳುತ್ತಾರೆ. ಪ್ರಾಯವಾದ ಮೇಲೆ ಅಬ್ರಹಾಂ ಈ ಕಾಗದಗಳನ್ನೆಲ್ಲ ಹೊತ್ತುಕೊಂಡು ಈಜಿಪ್ಟಿಗೆ ಹೋದ; ಹಾಗೆ ಅವು ಆ ಅಟ್ಟ ಸೇರಿದವು.

“ಸಾಬೂನು ಕಳಿಸುವುದು ಆಗಲೇ ಶುರುವಾಗಿತ್ತಾ ಮಾರಾಯ್ರೆ” ಅಂದ ಡೋಲ್ಫಿ. ಗಲ್ಫಿನಿಂದ ಊರಿಗೆ ಹೋಗುವವರ ಪೆಟ್ಟಿಗೆಯಲ್ಲಿ ಸಾಬೂನು ಇಲ್ಲದಿದ್ದರೆ ನೆಂಟರು ಮೋರೆ ತಿರುಗಿಸುತ್ತಾರೆ ಎನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮೊಯ್ದೀನಾಕ ನಗಲಿಲ್ಲ. ನದಿ ಕಡಲು ಸೇರುವ ಬೆಂಗರೆಯ ಅಳಿವೆ ಅವರ ಕಣ್ಣ ಮುಂದಿತ್ತು. ಚಿಕ್ಕಂದಿನಲ್ಲಿ ಬಲೆ ಎಳೆದ ಆ ನೀರಿನಲ್ಲಿ ಇಂಥದೊಂದು ಕಾಗದವನ್ನು ಹೊತ್ತ ಹಡಗು ಬಂದಿರಬಹುದು ಎನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದಕ್ಕೆ ಕೈರೋದ ಯಾರೋ ಒಬ್ಬ ಏಣಿ ಹತ್ತಬೇಕಾಗಿತ್ತು.

ಇನೆಜ್ ತಮ್ಮ ಕೆಲಸದ ರೀತಿಯನ್ನೂ ತೋರಿಸಿದರು. ಒಂದು ಹಾಳೆಯ ಅರ್ಧ ಒಂದು ದೇಶದಲ್ಲಿ, ಇನ್ನರ್ಧ ಇನ್ನೊಂದು ದೇಶದಲ್ಲಿ. ಹರಿದ ಅಂಚು, ಸಾಲುಗಳ ನಡುವಿನ ಅಂತರ, ಬರೆದವನ ಕೈಬರಹ, ಎರಡು ಚೂರನ್ನೂ ಒಟ್ಟಿಗೆ ಕೊರೆದ ಹುಳದ ತೂತು, ಇಷ್ಟನ್ನು ನೋಡಿ ಜೋಡಿ ಹುಡುಕಬೇಕು. ಎರಡು ಚೂರು ಕೂಡಿದ ದಿನ ಸತ್ತ ಮನುಷ್ಯನೊಬ್ಬ ನಿಲ್ಲಿಸಿದ್ದ ಮಾತನ್ನು ಪೂರ್ತಿ ಮಾಡುತ್ತಾನೆ. ಇನೆಜ್ ವರ್ಷಗಳಿಂದ ಒಂದು ಚೂರಿನ ಜೋಡಿ ಹುಡುಕುತ್ತಿದ್ದರು. ಹಿಂದೂಸ್ಥಾನಕ್ಕೆ ವ್ಯಾಪಾರಕ್ಕೆ ಹೋದ ಗಂಡನಿಗೆ ಕೈರೋದ ಹೆಂಗಸೊಬ್ಬಳು ಬರೆಸಿದ ಕಾಗದದ ಮೇಲಿನ ಅರ್ಧ ಅದು.

“ತಲೆಯಲ್ಲಿ ಏನು ಬರೆದಿದೆ ನೋಡಿ” ಎಂದು ಅದನ್ನೂ ತೋರಿಸಿದರು. “ಇಂಥ ತುಂಬಾ ಕಾಗದ ಹೀಗೇ ಶುರುವಾಗುತ್ತದೆ. ರಹ್ಮಾನಾ. ಕರುಣಾಮಯಿಯೇ, ನಿನ್ನ ಹೆಸರಿನಲ್ಲಿ.”

ಮೊಯ್ದೀನಾಕರ ತುಟಿ ಅಲುಗಿತು. “ರಹ್ಮಾನ್. ನಮ್ಮ ಬಿಸ್ಮಿಯಲ್ಲೂ ಅದೇ ಉಂಟು.” ಆಮೇಲೆ ಕೇಳಿದರು, “ಅವನು ಬಂದನಾ ಬಾಯಮ್ಮ? ಆ ಗಂಡ?”

“ಗೊತ್ತಿಲ್ಲ. ಕೆಳಗಿನ ಅರ್ಧ ಇನ್ನೂ ಸಿಗಲಿಲ್ಲ.”

“ಇದನ್ನೆಲ್ಲ ಅವರು ಮಣ್ಣು ಮಾಡಬೇಕಿತ್ತಲ್ಲ?”

“ಮಾಡಬೇಕಿತ್ತು” ಎಂದು ಇನೆಜ್ ಒಪ್ಪಿದರು. “ಅವರ ನಿಯಮವೂ ಅದೇ. ಒಂದು ದಿನ ಮಾಡೋಣ ಅಂತ ಬಿಟ್ಟಿರಬೇಕು. ಮರೆತರು. ಅಲ್ಲಿ ಮಳೆಯೂ ಇಲ್ಲ, ಕಾಗದ ಕೊಳೆಯಲಿಲ್ಲ. ಅವರು ಸರಿಯಾಗಿ ನಡೆದುಕೊಂಡಿದ್ದರೆ ಇವತ್ತು ನಮಗೆ ಏನೂ ಇರುತ್ತಿರಲಿಲ್ಲ.”

ಗೋಣಿಯ ವಿಷಯ ಹೊರಗೆ ಹಾಕಲು ಡೋಲ್ಫಿಗೆ ಇಷ್ಟು ಸಾಕಾಯಿತು. ಮರುದಿನ ಬೆಳಿಗ್ಗೆಯೇ ಅವನು ಇನೆಜರನ್ನು ಅರ್ದಿಯಾಕ್ಕೆ ಕರೆತಂದ. ಅವರು ಕೋಣೆಯ ಬಾಗಿಲಲ್ಲಿ ನಿಂತವರು ಬಹಳ ಹೊತ್ತು ಒಳಗೆ ಬರಲಿಲ್ಲ. ಮೊದಲ ದಿನ ಮೊಯ್ದೀನಾಕ ಹೊಸ್ತಿಲಲ್ಲಿ ನಿಂತ ಹಾಗೆಯೇ ಅವರೂ ನಿಂತಿದ್ದರು. ಆಮೇಲೆ ಒಂದು ಗೋಣಿಯ ಬಾಯಿ ಬಿಚ್ಚಿಸಿ, ಕೈಗೆ ಬಂದ ನೀಲಿ ಏರ್‌ಮೇಲ್ ಕಾಗದವೊಂದನ್ನು ಅಂಗೈಯ ಮೇಲಿಟ್ಟುಕೊಂಡು ಅಲ್ಲೇ ಬಿದ್ದಿದ್ದ ಪೆಟ್ಟಿಗೆಯ ಮೇಲೆ ಕುಳಿತರು. ಅವರ ಕಣ್ಣು ಒದ್ದೆಯಾಗಿತ್ತು.

“ಇದರಲ್ಲಿ ಎಂತ ಉಂಟು?” ಎಂದು ಕೇಳಿದರು.

“ಬಿಸ್ಮಿ” ಅಂದರು ಮೊಯ್ದೀನಾಕ.

“ಅದರ ಕೆಳಗೆ?”

“ಕೆಳಗೆ ನಾನು ನೋಡುವುದಿಲ್ಲ. ಪರರದ್ದು.”

ಇನೆಜ್ ತಲೆಯಾಡಿಸಿ ಕಾಗದವನ್ನು ಬಿಡಿಸದೆಯೇ ಹಿಂದಕ್ಕೆ ಕೊಟ್ಟರು. “ಇದನ್ನು ಮಣ್ಣು ಮಾಡಬೇಡಿ ಬ್ಯಾರಿಗಳೇ” ಅಂದರು. “ನಾನು ಕೆಲವರಿಗೆ ಬರೆದು ನೋಡುತ್ತೇನೆ. ಈ ಮರಳುಗಾಡಿನಲ್ಲಿ ದುಡಿದವರಿಗೆ ಅವರ ಮನೆಯವರು ಎಂತ ಬರೆದರು ಎನ್ನುವುದು ಬೇರೆಲ್ಲೂ ಉಳಿದಿರಲಿಕ್ಕಿಲ್ಲ. ಮುಂದೆ ಯಾರೋ ಇದನ್ನು ನಾವು ಅಬ್ರಹಾಮನನ್ನು ಓದಿದ ಹಾಗೆ ಓದಬಹುದು.”

ಮೊಯ್ದೀನಾಕ ಅಡಕತ್ತರಿಯಲ್ಲಿ ಸಿಕ್ಕಿಕೊಂಡರು. ಬೇರೆ ಯಾರಾದರೂ ಹೇಳಿದ್ದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಒಂಬತ್ತು ನೂರು ವರ್ಷದ ಹಿಂದಿನ ಸಾಬೂನನ್ನು ಕಿವಿಯಾರೆ ಕೇಳಿದ್ದರಲ್ಲ. “ಬಾಯಮ್ಮ, ಇದು ನನ್ನದಲ್ಲ, ಅಮಾನತ್ತು, ಕಾಪಾಡಲಿಕ್ಕೆ ನನ್ನ ಕೈಗೆ ಬಂದ ಪರರ ಸೊತ್ತು” ಎಂದು ತಡೆತಡೆದು ಹೇಳಿದರು. “ಬರೆದವರು ಒಬ್ಬರು, ಬರೆಸಿಕೊಂಡವರು ಒಬ್ಬರು, ತಲೆಯಲ್ಲಿರುವ ಹೆಸರು ಮೇಲಿನವನದ್ದು. ಇವರಲ್ಲಿ ಯಾರೂ ನನಗೆ ಅಪ್ಪಣೆ ಕೊಡಲಿಲ್ಲ. ಮಣ್ಣು ಮಾಡದಿದ್ದರೆ ನಾಳೆ ದೇವರೆದುರು ನಾನು ಉತ್ತರ ಹೇಳಬೇಕು.”

ಇನೆಜ್ ಒತ್ತಾಯ ಮಾಡಲಿಲ್ಲ. “ಆ ಕೈರೋದವರನ್ನು ಕೇಳಿದ್ದರೆ ಅವರೂ ಹೀಗೇ ಹೇಳುತ್ತಿದ್ದರು” ಎಂದಷ್ಟೇ ಹೇಳಿದರು. ಹೊರಡುವಾಗ, ಕೈರೋದ ಕಾಗದಗಳಿಗಿಂತಲೂ ಸಾವಿರ ವರ್ಷ ಹಳೆಯ ಯಹೂದಿ ಗ್ರಂಥಗಳ ಮಾತು ಬಂತು. ಮೃತ ಸಮುದ್ರದ ದಂಡೆಯ ಗುಹೆಗಳಲ್ಲಿ ಸಿಕ್ಕಿದ ತೊಗಲಿನ ಸುರುಳಿಗಳು ಅವು. ಕೆಲವನ್ನು ಮಣ್ಣಿನ ಜಾಡಿಯಲ್ಲಿಟ್ಟು ಮುಚ್ಚಳ ಹಾಕಿದ್ದರಂತೆ. ಮೊದಲು ಕಂಡವರು ಕುರಿ ಆಡು ಮೇಯಿಸುವವರು. “ಒಣ ಸೀಮೆಯಲ್ಲಿ ಜಾಡಿಯಲ್ಲಿಟ್ಟದ್ದು ಎರಡು ಸಾವಿರ ವರ್ಷ ಉಳಿಯಿತು” ಎಂದು ಇನೆಜ್ ಹೇಳಿ ಕಾರು ಹತ್ತಿದರು.

ಮೊಯ್ದೀನಾಕ ಅಂದು ಮಧ್ಯಾಹ್ನದ ನಮಾಜು ಮುಗಿಸಿ ಗೋದಾಮಿನ ಅಂಗಳದಲ್ಲಿ ಸುಮ್ಮನೆ ಕುಳಿತಿದ್ದರು. ಪಕ್ಕದ ಗೋದಾಮಿನ ಗೋಡೆಗೆ ಒರಗಿಸಿ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಬೋರಲು ಹಾಕಿದ್ದರು. ಉಪ್ಪುನೀರಿನಲ್ಲಿ ನೆನೆದ ಆಲಿವ್ ಕಾಯಿ ತುಂಬಿ ಬರುವ ಡ್ರಮ್ಮುಗಳು, ಬಿಗಿಯಾದ ಮುಚ್ಚಳ. ಅವನ್ನು ಎಷ್ಟೋ ವರ್ಷದಿಂದ ನೋಡುತ್ತಿದ್ದರು. ಈಗ ಮೊದಲ ಸಲ ಸರಿಯಾಗಿ ನೋಡಿದರು. ಡೋಲ್ಫಿಗೆ ಫೋನು ಹಚ್ಚಿ, “ಪೊರ್ಬುಗಳೇ, ಮಣ್ಣಿಗೆ ಕೊಡುವುದು ನನ್ನ ಕೆಲಸ. ಮಣ್ಣು ಅದನ್ನು ಬೇಗ ತಿನ್ನಬೇಕು ಅಂತ ಯಾವ ಉಸ್ತಾದರೂ ಹೇಳಲಿಲ್ಲ ಅಲ್ವಾ?” ಅಂದರು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಮಾತು ಇಂಥ ಬುದ್ಧಿಗೇ ಹುಟ್ಟಿದ್ದಿರಬೇಕು. ಡ್ರಮ್ಮುಗಳನ್ನು ತಂದು, ತೊಳೆದು, ಬಿಸಿಲಿಗೆ ಬಾಯಿ ತೆರೆದಿಟ್ಟರು. ಆಲಿವ್ ವಾಸನೆ ಪೂರ್ತಿ ಹೋಗಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ ಸುತ್ತಿ ಕಾಗದಗಳನ್ನು ತುಂಬಿದರು. ಕೆಲಸ ಸಾಗಿದ ಹಾಗೆ ಅವರ ಮುಖ ಹಗುರಾಯಿತು. ತಾನು ಒಬ್ಬನೇ ಹುಚ್ಚನಲ್ಲ; ಕಡಲಿನ ಆಚೆ, ಬೇರೆ ಮತದವರು, ಬೇರೆ ಲಿಪಿಯವರು, ಇದೇ ಭಯಕ್ಕೆ, ಇದೇ ಮರ್ಯಾದೆಗೆ ಸಾವಿರ ವರ್ಷದ ಹಿಂದೆ ಏಣಿ ಹತ್ತಿದ್ದರು ಎಂದು ನೆನೆದರೆ ಅವರಿಗೆ ತನ್ನ ಬೆನ್ನ ಹಿಂದೆ ಒಂದು ದೊಡ್ಡ ಜಮಾಅತ್ತು ನಿಂತಂತೆ ಧೈರ್ಯ ಬರುತ್ತಿತ್ತು. ಕೆಲಸದ ನಡುವೆ ಕೈ ನಿಲ್ಲಿಸಿ, “ಸುಬ್‌ಹಾನಲ್ಲಾ” ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುವರು.

ಜಾಗ ಕೊಟ್ಟವನು ಅಬು ಫಹದ್. ಇರಾಕಿನ ಗಡಿಯ ಕಡೆ ಅಬ್ದಲಿಯಲ್ಲಿ ಅವನಿಗೊಂದು ತೋಟವಿತ್ತು. ಸಂಗತಿ ಕೇಳಿ ಮುದುಕನ ಕೈಯ ಜಪಮಣಿ ನಿಂತಿತು. ತನ್ನ ಗೋದಾಮಿನಲ್ಲಿ ಇಷ್ಟು ಕಾಲ ಹೀಗೊಂದು ಕೆಲಸ ನಡೆಯುತ್ತಿತ್ತು ಎನ್ನುವುದು ಅವನಿಗೂ ಹೊಸತು. “ಬೇಲಿಯ ಆಚೆ ಒಣ ದಿಬ್ಬ ಇದೆ. ನೀರು ಹೋಗುವುದಿಲ್ಲ, ಕಾಲೂ ಹೋಗುವುದಿಲ್ಲ. ಯಲ್ಲಾ, ಪಿಕಪ್ ತೆಗೆದುಕೊಂಡು ಹೋಗು” ಅಂದ.

ಬೆಳಿಗ್ಗೆ ಹೊರಟರು. ಡೋಲ್ಫಿ ರಜೆ ಹಾಕಿ ಬಂದಿದ್ದ. ತೋಟದ ಆಳುಗಳು ಆಳವಾದ ಹೊಂಡ ತೋಡಿದ್ದರು. ಆ ಮಣ್ಣಿನಲ್ಲಿ ಕೈಗೆ ತಾಗುವಷ್ಟೂ ತೇವ ಇರಲಿಲ್ಲ. ಡ್ರಮ್ಮುಗಳನ್ನು ಒಂದೊಂದಾಗಿ ಇಳಿಸಿದರು. ಕೊನೆಯದರಲ್ಲಿ ಮಾತ್ರ ಮೇಲೆ ಒಂದಿಷ್ಟು ಜಾಗ ಖಾಲಿ ಉಳಿದಿತ್ತು. ಮೊಯ್ದೀನಾಕ ಪಿಕಪ್ಪಿನಿಂದ ತಮ್ಮ ತಗಡಿನ ಪೆಟ್ಟಿಗೆ ತರಿಸಿ, ಕದೀಜಾಳ ಕಾಗದದ ಕಟ್ಟನ್ನು ಹೊರತೆಗೆದರು. ಇದರ ಮೇಲೂ ಬಿಸ್ಮಿ ಇದೆ. ಇದೂ ಹಳತಾಗಿದೆ. ಊರಿಗೆ ಹೊತ್ತುಕೊಂಡು ಹೋದರೆ ಬೆಂಗರೆಯ ಉಪ್ಪುಗಾಳಿಗೆ ಮೂರು ಮಳೆಗಾಲ ಬಾಳಲಿಕ್ಕಿಲ್ಲ. ಇಲ್ಲಾದರೆ ಬೊಮ್ಮನ ಹೆಸರು ಉಳಿದ ಹಾಗೆ ಕದೀಜಾಳ ಹೆಸರೂ ಉಳಿದೀತು. ಬರೆದವಳು ಬದುಕಿರುವಾಗ ಅಪ್ಪಣೆ ಕೇಳದೆ ಹಾಕಬಾರದು ಎಂದು ಫೋನು ಮಾಡಿದರು.

ಕದೀಜಾ ಎಲ್ಲವನ್ನೂ ಕೇಳಿದಳು. ಕೈರೋದ ಅಟ್ಟವನ್ನು ಅವಳಿಗೆ ಮೊದಲೇ ಹೇಳಿಯಾಗಿತ್ತು.

“ಹಾಕಿ” ಅಂದಳು. “ಪ್ರತಿ ಪೆರ್ನಾಲಿಗೆ ಬನ್ನಿ, ಬನ್ನಿ ಅಂತ ಬರೆದದ್ದು ಅದರಲ್ಲಿ. ನೀವಂತೂ ಬರಲಿಲ್ಲ. ಸಾವಿರ ವರ್ಷ ಕಳೆದು ಬರುವ ಬಾಯಮ್ಮನಾದರೂ ಓದಲಿ, ಒಬ್ಬಳು ಕರೆದಿದ್ದಳು ಅಂತ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಮಾಷೆಯೂ ಇರಲಿಲ್ಲ. ಮೊಯ್ದೀನಾಕ ಫೋನನ್ನು ಕಿವಿಗೆ ಹಿಡಿದುಕೊಂಡೇ ನಿಂತರು. ಇಷ್ಟು ವರ್ಷ ಪ್ರತಿಯೊಂದು ಕಾಗದದ ಮೇಲಿನ ಸಾಲಿಗೆ ಮುತ್ತು ಕೊಟ್ಟಿದ್ದರು. ಅದರ ಕೆಳಗಿನದ್ದನ್ನು ನಿಂತ ಕಾಲಲ್ಲಿ ಓದಿ, ‘ಇನ್‌ಶಾ ಅಲ್ಲಾ, ಬರುವ ವರ್ಷ’ ಎಂದು ಪೆಟ್ಟಿಗೆ ಮುಚ್ಚಿದ್ದರು. ಯಾರೋ ಗುರುತಿಲ್ಲದ ಹೆಂಗಸಿನ ಅರ್ಧ ಕಾಗದಕ್ಕೆ ಇನೆಜ್ ಕೊಟ್ಟ ವರ್ಷಗಳನ್ನು ನೆನೆದರೆ ಅವರಿಗೆ ನಾಚಿಕೆಯಾಯಿತು.

“ಮುಚ್ಚಳ ಹಾಕಿ ಪೊರ್ಬುಗಳೇ” ಅಂದರು.

“ಇವು?” ಎಂದು ಡೋಲ್ಫಿ ಅವರ ಕೈಯಲ್ಲಿದ್ದ ಕಟ್ಟನ್ನು ತೋರಿಸಿದ.

“ಇವು ಇನ್ನೂ ಓದಿ ಆಗಲಿಲ್ಲ.”

ಡೋಲ್ಫಿ ಮುಚ್ಚಳ ಬಿಗಿದ. ಆಳುಗಳು ಮಣ್ಣು ಎಳೆಯತೊಡಗಿದರು. ಮೊಯ್ದೀನಾಕ ಪಿಕಪ್ಪಿನ ನೆರಳಿನಲ್ಲಿ ಚಪ್ಪಲಿ ಕಳಚಿ ಕುಳಿತು, ಎಲ್ಲಕ್ಕಿಂತ ಹಳೆಯ ಕಾಗದವನ್ನು ಮೊಣಕಾಲ ಮೇಲೆ ಬಿಡಿಸಿದರು. ಫೋನು ಇನ್ನೂ ಕಡಿದಿರಲಿಲ್ಲ. ಬಿಸ್ಮಿಯ ಕೆಳಗಿನ ಸಾಲಿಗೆ ಬೆರಳಿಟ್ಟು, ಕದೀಜಾಳಿಗೆ ಕೇಳುವ ಹಾಗೆ, ಒಂದೊಂದೇ ಮಾತನ್ನು ಓದತೊಡಗಿದರು.